ಒಳ್ಳೆ ಎಂಬ ಪದದ ಚೀಟಿಗಳು

ಚೀಟಿಗೆ ಐದು ರೂಪಾಯಿ, ಬಸ್ ಚಾರ್ಜು ಬೇರೆ.
ದುರ್ಗಿಗುಡಿಯಲ್ಲಿ, ಟೈಪಿಂಗ್ ಶಾಲೆ ಮುಚ್ಚಿಹೋದ ಮಹಡಿಯ ಕೋಣೆಯಲ್ಲಿ
ಬಸವಂತಯ್ಯ ಮೇಷ್ಟ್ರು ನನಗೆ ಒಪ್ಪಿಸಿದ್ದು ಒಂದೇ ಪದ:
ಒಳ್ಳೆಯ.
'ಜಿಲ್ಲೆ ಸುತ್ತು. ಯಾರ ಬಾಯಲ್ಲಿ ಹೇಗಿದೆಯೋ ಹಾಗೇ ಬರಿ.
ತಿದ್ದಬೇಡ.'

ತಿದ್ದಲಿಲ್ಲ.
ಒಳ್ಳೆಯದು ಎಂದು ಪೂರ್ತಿ ಅಂದವರು ಯಾರೂ ಸಿಗಲಿಲ್ಲ,
ಪಂಚಾಯ್ತಿ ಗೋಡೆಯ ಬರಹವೊಂದನ್ನು ಬಿಟ್ಟು.
ಶಿಕಾರಿಪುರದಲ್ಲಿ ಚಲೋ.
ಹೊಸನಗರದಾಚೆ, ಘಟ್ಟ ಇಳಿಯುವ ತಿರುವಿನಲ್ಲಿ, ಲಾಯ್ಕ.
ತೀರ್ಥಹಳ್ಳಿಯ ಪಾತ್ರೆ ಅಂಗಡಿಯ ಉಪೇಂದ್ರ ಪೈಗಳು
ಮನೆಮಾತಿನಲ್ಲಿ 'ಬರೆಂ' ಎಂದರು.
ಬರೀತಾನೇ ಇದ್ದೀನಲ್ಲ ಅಂದೆ.
ಬರೆಂ ಅಂದರೇ ಒಳ್ಳೆಯದು ಅಂತ ತಲೆಗೆ ಹೋಗಲು
ಅರ್ಧ ಲೋಟ ಕಾಫಿ ಹಿಡಿಯಿತು.
ತಾಂಡಾದ ಸೋಮ್ಲಿಬಾಯಿ ಎತ್ತಿಗೆ ಆಛೋ, ಹಸುವಿಗೆ ಆಛಿ ಅಂದಳು.
ಒಳ್ಳೆತನದಲ್ಲೂ ಗಂಡು ಬೇರೆ, ಹೆಣ್ಣು ಬೇರೆ:
ಅದಕ್ಕೆ ನಾನು ಅಷ್ಟು ದೂರ ಹೋಗಬೇಕಿರಲಿಲ್ಲ.

ಭದ್ರಾವತಿಯಲ್ಲಿ, ಕುಲುಮೆ ಆರಿದ ಮೇಲೂ
ಬೆಳಗಿನ ಶಿಫ್ಟಿಗೆ ಸರಿಯಾಗಿ ಎಚ್ಚರಗೊಳ್ಳುವ ಅಂತೋಣಿರಾಜು
ಗೇಟು ತೆಗೆಯದೆಯೇ ಕೂಗಿದರು:
'ಒಳ್ಳೆ ಕತೆ ಆಯ್ತಲ್ಲ ನಿಂದು! ಹೊತ್ತಾರೆ ಹೊತ್ತಾರೆ
ಒಳ್ಳೆ ದೆವ್ವ ನಿಂತಂಗೆ ನಿಂತಿದೀಯ!'
ಎರಡು ಚೀಟಿ. ಹತ್ತು ರೂಪಾಯಿ.

ಒಂದು ಸಂಜೆ ಮೇಷ್ಟ್ರು ರಟ್ಟು ಕಿತ್ತ ಪುಸ್ತಕ ಬಿಡಿಸಿದರು.
ಕಡಲಾಚೆ, ಚೆರೋಕಿ ಎಂಬ ಜನಕ್ಕೆ,
ಒಳ್ಳೆಯದು ಅಂದರೆ ಓಸ್ದ; ಇನ್ನೊಂದು ಕಡೆ ಬರೀ ಓಸಿ.
ಮಾತಿನ ಭರದಲ್ಲಿ ಕೊನೆಯ ಸ್ವರವನ್ನು
ಅವರೂ ನುಂಗುತ್ತಾರಂತೆ, ನಮ್ಮ ಹಾಗೆ.
ಅವರನ್ನೂ ನೆಲ ಬಿಡಿಸಿ ನಡೆಸಿದ್ದರಂತೆ,
ಬಹಳ ದೂರ, ಚಳಿಯಲ್ಲಿ.
'ಇದಕ್ಕೂ ಅದಕ್ಕೂ ಸಂಬಂಧ ಇಲ್ಲ' ಎಂದರು, ನಾನೇನೂ ಕೇಳದಿದ್ದರೂ.
ಕಿಟಕಿಯ ಕೆಳಗೆ ಗೋಬಿ ಗಾಡಿಯವನು ಬಾಣಲೆ ಕುಟ್ಟುತ್ತಿದ್ದ.

ಕೊನೆಗೆ ಹೋದ ಊರು ಮುಳುಗಡೆಯವರದು.
ಬೋರ್ಡಿನಲ್ಲಿ ಹೆಸರಿಗಿಂತ ಸರ್ವೆ ನಂಬರು ದಪ್ಪ.
ಶರಾವತಿಯ ನೀರು ಹಿಂದಕ್ಕೆ ಏರಿದ ವರ್ಷ
ಲಾರಿಯಲ್ಲಿ, ಕೋಳಿಗೂಡಿನ ಮೇಲೆ ಕೂತು ಬಂದವಳು ಗುತ್ಯಮ್ಮ.
ಆಗ ಒಂಬತ್ತು.

ಇಲ್ಲಿ ನೀರು ಹೇಗೆ?
'ಅಡ್ಡಿಲ್ಲ.'
ಮಣ್ಣು?
'ಅಡ್ಡಿಲ್ಲ.'
ಸೊಸೆ?
ಒಳಗೆ ಪಾತ್ರೆಯ ಸದ್ದು ನಿಂತಿತು.
'ಅಡ್ಡಿಲ್ಲ ಬಿಡು.'
ಮತ್ತೆ ಅಲ್ಲಿ? ನೀರಿನಡಿ ಬಿಟ್ಟು ಬಂದದ್ದು?

'ಒಳ್ಳೇದ್'

ಅಷ್ಟೆ. ನಾಲಿಗೆ ಹಲ್ಲಿಗೆ ತಾಗಿ ಅಲ್ಲೇ ನಿಂತಿತು.
ಉಕಾರ ಹೊರಗೆ ಬರಲಿಲ್ಲ.
ಪೆನ್ನು ಹಿಡಿದು ಕಾದೆ.
ಇತ್ತು ಅನ್ನಬಹುದು, ಅಲ್ವಾ ಅನ್ನಬಹುದು.
ಅವಳು ಮಡಿಲಿನ ಅವರೆ ಸುಲಿಯುತ್ತ ಹೋದಳು.

ಅಷ್ಟರಲ್ಲಿ ಕೆರೆ ಕಡೆಯಿಂದ ಮೊಮ್ಮಗ
ಕೋಲಿಗೆ ಸುತ್ತಿಕೊಂಡ ಹಾವನ್ನು ಎತ್ತಿ ಹಿಡಿದು ಓಡಿಬಂದ:
'ಅಜ್ಜೀ, ಒಳ್ಳೆ! ಒಳ್ಳೆ!'
'ಬಿಡೋ ಅದನ್ನ. ನೀರಿಂದು. ನೀರಿಗೇ ಬಿಟ್ಟು ಬಾ.'
ಕಚ್ಚಿದರೂ ವಿಷವಿಲ್ಲದ ಜೀವ.
ಅದಕ್ಕೂ ಒಂದು ಚೀಟಿ ಬರೆದೆ.

ಹೊರಡುವಾಗ ಕೇಳಿದಳು:
'ನನ್ನ ಮಾತಿಗೆ ನಿಂಗೆ ಎಷ್ಟು ಕೊಡ್ತಾರೆ?'
ಹೇಳಿದೆ.
ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.
'ಅಡ್ಡಿಲ್ಲ.'

ಮೇಷ್ಟ್ರು ಕೆಂಪು ಶಾಯಿಯಲ್ಲಿ ವಿಂಗಡಿಸಿದರು.
ಚಲೋ, ಲಾಯ್ಕ: ಅವವೇ ಡಬ್ಬಿಗಳಿಗೆ.
ಅಡ್ಡಿಲ್ಲ: ಗುಣವಾಚಕ ಹೌದೋ ಅಲ್ಲವೋ, ನೋಡಬೇಕು.
ಒಳ್ಳೇದ್: ಅಂತ್ಯಸ್ವರ ಲೋಪ.
ಒಟ್ಟು ನಲವತ್ತೊಂದು ಚೀಟಿ, ಇನ್ನೂರೈದು ರೂಪಾಯಿ.
ಹಾವಿನದಕ್ಕೆ ಕೊಡಲಿಲ್ಲ.
ಅದು ಬೇರೆಯೇ ಪದವಂತೆ.